ಔಷಧ ಹೊಡೆಯುವ ಪಂಪಿನ ದುರಸ್ತಿ ಮತ್ತು ಬಿಡಿಭಾಗಗಳ ಆಯ್ಕೆ

(ಮುಂಗಾರು ಪೂರ್ವ ರೈತ ತರಬೇತಿಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರು ಮಾಡಿದ ಭಾಷಣದ ಪಠ್ಯ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಜಿಲ್ಲೆ ಬದಲಾದರೂ ಬೇಸಾಯದ ಕಷ್ಟಸುಖ ಬದಲಾಗಿಲ್ಲ. ಇವೆಲ್ಲವೂ ಉತ್ತರ ಒಣ ವಲಯದ ತಾಲ್ಲೂಕುಗಳು. ಮಳೆ ಕಡಿಮೆ, ಬರುವ ಮಳೆಯೂ ಹೊತ್ತಿಗೆ ಸರಿಯಾಗಿ ಬರುತ್ತದೆಂಬ ಭರವಸೆಯಿಲ್ಲ. ಇಂತಹ ಕಡೆ ಬಿತ್ತನೆಗೆ ಹದ ಹೇಗೆ ಎರಡು ಮೂರು ದಿನ ಮಾತ್ರ ಇರುತ್ತದೆಯೋ, ಹಾಗೆಯೇ ಸಿಂಪರಣೆಗೂ ತಕ್ಕ ಹೊತ್ತು ಕೆಲವೇ ದಿನ ಇರುತ್ತದೆ. ಮೆಕ್ಕೆಜೋಳದ ಸುಳಿಯಲ್ಲಿ ಹುಳು ಚಿಕ್ಕದಿರುವಾಗ ಹೊಡೆದ ಔಷಧಕ್ಕೂ, ಅದು ಬಲಿತು ಸುಳಿಯೊಳಗೆ ಅಡಗಿದ ಮೇಲೆ ಹೊಡೆದ ಔಷಧಕ್ಕೂ ಅಜಗಜಾಂತರ.

ಆ ದಿನವೇ ಪಂಪು ಕೈಕೊಟ್ಟರೆ ಏನಾಗುತ್ತದೆಂಬುದು ನಿಮಗೆ ಗೊತ್ತು. ಔಷಧ ಕಲಸಿಟ್ಟಾಗಿರುತ್ತದೆ, ಕೂಲಿಯವರು ಬಂದಿರುತ್ತಾರೆ, ಪಂಪು ಮಾತ್ರ ಹನಿ ಬಿಡುವುದಿಲ್ಲ. ಒಂದು ವಾಷರಿಗಾಗಿ ಪೇಟೆಗೆ ಓಡಬೇಕಾಗುತ್ತದೆ. ಅಲ್ಲಿ ಸಿಕ್ಕ ವಾಷರು ಪಂಪಿಗೆ ಕೂಡುವುದಿಲ್ಲ. ಆದ್ದರಿಂದ ಇಂದು ಔಷಧದ ವಿಷಯವನ್ನು ಬದಿಗಿಟ್ಟು, ಔಷಧ ಹೊಡೆಯುವ ಪಂಪಿನ ದುರಸ್ತಿ ಮತ್ತು ಅದಕ್ಕೆ ಬೇಕಾದ ಬಿಡಿಭಾಗಗಳನ್ನು ಹುಡುಕುವ ಬಗೆಯನ್ನು ನಿಮ್ಮ ಮುಂದೆ ಇಡಲು ಬಯಸುತ್ತೇನೆ.

ಪಂಪು ಎಂಬುದು ಅಳತೆಯ ಸೇರು

ಪಂಪು ಹೊಡೆಯುತ್ತಿದ್ದರೆ ಸರಿಯಾಗಿದೆ ಎಂದು ನಾವು ತಿಳಿಯುತ್ತೇವೆ. ಇದು ತಪ್ಪು ತಿಳಿವಳಿಕೆ. ಪಂಪು ನೀರೆರಚುವ ಸಾಧನವಷ್ಟೇ ಅಲ್ಲ. ಅದು ಔಷಧವನ್ನು ಹೊಲಕ್ಕೆ ಅಳೆದು ಕೊಡುವ ಸೇರು. ಸಂತೆಯಲ್ಲಿ ವ್ಯಾಪಾರಿಯ ಸೇರು ತಳ ಸೀಳಿದ್ದರೆ ನೀವು ಒಪ್ಪುವುದಿಲ್ಲ. ನಿಮ್ಮದೇ ಪಂಪಿನ ಮೂತಿ, ಅಂದರೆ ನಾಜಲ್, ಸವೆದಿದ್ದರೆ ಅದೂ ತಳ ಸೀಳಿದ ಸೇರೇ.

ಒಂದು ಲೆಕ್ಕ ನೋಡೋಣ. ಹೊಸ ಮೂತಿಯೊಂದು ನಿಮಿಷಕ್ಕೆ 600 ಮಿಲಿ ಲೀಟರ್ ದ್ರಾವಣ ಬಿಡುತ್ತದೆ ಎಂದುಕೊಳ್ಳಿ. ನಡಿಗೆಯ ವೇಗ ಸರಿಯಾಗಿದ್ದರೆ ಎಕರೆಗೆ 200 ಲೀಟರ್ ಬೀಳುತ್ತದೆ. ಅದೇ ಮೂತಿ ಸವೆದು ನಿಮಿಷಕ್ಕೆ 780 ಮಿಲಿ ಲೀಟರ್ ಬಿಡತೊಡಗಿದರೆ, ಅದೇ ನಡಿಗೆಯಲ್ಲಿ ಎಕರೆಗೆ 260 ಲೀಟರ್ ಬೀಳುತ್ತದೆ. 16 ಲೀಟರಿನ ಟ್ಯಾಂಕು 12½ ಸಲ ತುಂಬುವ ಬದಲು 16 ಸಲಕ್ಕೂ ಮಿಗಿಲಾಗಿ ತುಂಬಬೇಕಾಗುತ್ತದೆ. ಲೀಟರಿಗೆ 0.4 ಗ್ರಾಂ ಪ್ರಮಾಣದ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್.ಜಿ. ಬಳಸುತ್ತಿದ್ದರೆ, ಎಕರೆಗೆ 80 ಗ್ರಾಂ ಸಾಕಾಗುವಲ್ಲಿ 104 ಗ್ರಾಂ ಖರ್ಚಾಗುತ್ತದೆ. ನಾಲ್ಕು ಎಕರೆಗೆ 96 ಗ್ರಾಂ ಹೆಚ್ಚು. ಅಂದರೆ ಇನ್ನೂ ಒಂದು ಎಕರೆಗೆ ಸಾಕಾಗಿ ಮಿಗುವಷ್ಟು ಔಷಧ ಮಣ್ಣುಪಾಲು.

ಟ್ಯಾಂಕಿನ ಲೆಕ್ಕದಲ್ಲಿ ಕೂಲಿ ಕೊಡುವ ರೂಢಿ ಇರುವಲ್ಲಿ ನಷ್ಟ ಇಮ್ಮಡಿಯಾಗುತ್ತದೆ. ಟ್ಯಾಂಕು ಬೇಗ ಖಾಲಿಯಾದಷ್ಟೂ ಕೂಲಿ ಏರುತ್ತದೆ, ನೀರು ಹೊರುವ ಹೆಣ್ಣುಮಕ್ಕಳ ದುಡಿಮೆಯೂ ಏರುತ್ತದೆ. ಇಷ್ಟಾದರೂ ಹುಳು ಸಾಯುವುದೆಂಬ ಖಾತ್ರಿಯಿಲ್ಲ. ಸವೆದ ಮೂತಿಯಿಂದ ದಪ್ಪ ಹನಿಗಳು ಬಿದ್ದು, ಎಲೆಯ ಮೇಲೆ ನಿಲ್ಲದೆ ಜಾರಿ ಹೋಗುತ್ತವೆ. ಈರುಳ್ಳಿಯ ಎಲೆಗೆ ಮೇಣದ ಲೇಪವಿರುವುದರಿಂದ ಅಲ್ಲಿ ಈ ದೋಷ ಇನ್ನೂ ಹೆಚ್ಚು. ಕೊನೆಗೆ ನಾವು ಔಷಧವನ್ನು ದೂರುತ್ತೇವೆ, ಅಂಗಡಿಯವನನ್ನು ದೂರುತ್ತೇವೆ, ಇನ್ನೂ ಬಲವಾದ ಔಷಧ ಕೇಳುತ್ತೇವೆ. ತಪ್ಪು ಮೂತಿಯಲ್ಲಿರುತ್ತದೆ.

ಈ ಎಚ್ಚರ ಇಂದು ಹೆಚ್ಚು ಬೇಕಾಗಿದೆ. ಫಾಲ್ ಸೈನಿಕ ಹುಳು 2018ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ರಾಜ್ಯದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಆ ಬಳಿಕ ಮೆಕ್ಕೆಜೋಳದ ಹೊಲಗಳಲ್ಲಿ ಪಂಪಿನ ಕೆಲಸ ಹೆಚ್ಚಾಗಿದೆ. ಈ ಹುಳುವಿಗೆ ಔಷಧ ಸುಳಿಯೊಳಗೇ ಇಳಿಯಬೇಕು. ಮೂತಿ ಸರಿಯಿಲ್ಲದ ಪಂಪಿನಿಂದ ಅದು ಸಾಧ್ಯವಿಲ್ಲ.

ಮೂತಿಯ ಸವೆತವನ್ನು ಪರೀಕ್ಷಿಸುವ ಕ್ರಮ

ಇದಕ್ಕೆ ಒಂದು ಅಳತೆಯ ಜಗ್ಗು, ಒಂದು ಗಡಿಯಾರ ಸಾಕು. ಪಂಪಿಗೆ ಶುದ್ಧ ನೀರು ತುಂಬಿ, ಹಿಡಿಕೆಯನ್ನು ಒಂದೇ ಸಮನಾಗಿ ಆಡಿಸುತ್ತ, ಮೂತಿಯಿಂದ ಬರುವ ನೀರನ್ನು ಒಂದು ನಿಮಿಷ ಜಗ್ಗಿನಲ್ಲಿ ಹಿಡಿಯಿರಿ. ಮೂರು ಸಲ ಹಿಡಿದು ಸರಾಸರಿ ತೆಗೆಯಿರಿ. ಹೊಸ ಮೂತಿ ತಂದ ದಿನವೇ ಹೀಗೆ ಅಳೆದು ಬರೆದಿಡಬೇಕು. ಮುಂದೆ ಅಳೆದಾಗ ಮೊದಲಿನ ಅಳತೆಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ಬಂದರೆ ಮೂತಿಯನ್ನು ಬದಲಿಸಬೇಕು. ಕಣ್ಣಿಗೆ ಸವೆತ ಕಾಣದು, ಜಗ್ಗಿಗೆ ಕಾಣುತ್ತದೆ.

ಎಕರೆಗೆ ಎಷ್ಟು ಬೀಳುತ್ತದೆಂದು ತಿಳಿಯಲು 33 ಅಡಿ ಉದ್ದ, 33 ಅಡಿ ಅಗಲದ ಒಂದು ಗುಂಟೆ ಜಾಗ ಗುರುತು ಮಾಡಿ. ಅಳೆದ ನೀರು ತುಂಬಿ, ನಿತ್ಯದ ನಡಿಗೆಯಲ್ಲಿ ಆ ಗುಂಟೆಗೆ ಹೊಡೆದು, ಉಳಿದ ನೀರನ್ನು ಅಳೆಯಿರಿ. ಖರ್ಚಾದ ನೀರನ್ನು 40ರಿಂದ ಗುಣಿಸಿದರೆ ಎಕರೆಯ ಲೆಕ್ಕ ಸಿಗುತ್ತದೆ. ಗುಂಟೆಗೆ 5 ಲೀಟರ್ ಹೋದರೆ ಎಕರೆಗೆ 200 ಲೀಟರ್.

ಮೂತಿ ಬೇಗ ಸವೆಯುವುದಕ್ಕೆ ನೀರೂ ಕಾರಣ. ಕೆರೆ ಅಥವಾ ಕೃಷಿ ಹೊಂಡದ ನೀರಿನಲ್ಲಿ ನುಣುಪು ಮರಳು, ಕೆಸರು ಇರುತ್ತದೆ. ನೀರಿನಲ್ಲಿ ಕರಗದ ಪುಡಿ ಔಷಧಗಳೂ ಮೂತಿಯ ತೂತನ್ನು ಅರದಂತೆ ತೀಡುತ್ತವೆ. ಆದ್ದರಿಂದ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ ತುಂಬಬೇಕು. ಟ್ಯಾಂಕಿನ ಬಾಯಿಯ ಜಾಲರಿಯನ್ನು "ನೀರು ನಿಧಾನ ಇಳಿಯುತ್ತದೆ" ಎಂದು ಕಿತ್ತು ಬಿಸಾಡುವ ಅಭ್ಯಾಸವನ್ನು ಬಿಡಬೇಕು.

ಮೂತಿ ಕಟ್ಟಿಕೊಂಡಾಗ ಬಾಯಿಂದ ಊದಬೇಡಿ. ಅದು ವಿಷವನ್ನು ತುಟಿಗೆ ಹಚ್ಚಿಕೊಂಡಂತೆ. ಮೊಳೆ, ತಂತಿ, ಗುಂಡುಸೂಜಿಯಿಂದ ಚುಚ್ಚಿದರೆ ತೂತು ದೊಡ್ಡದಾಗಿ ಅಂದಿಗೇ ಮೂತಿ ಕೆಟ್ಟಿತು. ಕೈಗವಸು ಹಾಕಿಕೊಂಡು ಬಿಚ್ಚಿ, ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಅಥವಾ ಮೆತ್ತನೆಯ ಹುಲ್ಲುಕಡ್ಡಿಯಿಂದ ತೆರವು ಮಾಡಿರಿ.

ಕೈಪಂಪಿನಲ್ಲಿ ಬರುವ ದೋಷಗಳು

ಕೈಪಂಪಿನ ರಚನೆ ಸರಳ. ಹಿಡಿಕೆ ಮೇಲೆ ಕೆಳಗೆ ಆಡಿದಾಗ ಪಿಸ್ಟನ್ ದ್ರಾವಣವನ್ನು ಎಳೆದು ಒತ್ತಡದ ಕೋಣೆಗೆ ತಳ್ಳುತ್ತದೆ. ಅಲ್ಲಿ ಹಿಡಿದಿಟ್ಟ ಗಾಳಿಯ ಒತ್ತಡದಿಂದ ದ್ರಾವಣ ಕೊಳವೆ, ಕೋಲು, ಮೂತಿಗಳ ಮೂಲಕ ಹೊರಬರುತ್ತದೆ. ಹೋದ ದ್ರಾವಣ ಹಿಂದೆ ಬಾರದಂತೆ ಎರಡು ಕವಾಟಗಳಿವೆ. ದೋಷ ಎಲ್ಲಿದೆ ಎಂದು ತಿಳಿಯಲು ಈ ದಾರಿಯನ್ನು ನೆನಪಿಟ್ಟರೆ ಸಾಕು.

1. ಹಿಡಿಕೆ ಹಗುರವಾಗಿ ಆಡುತ್ತದೆ, ಒತ್ತಡ ಏರುವುದಿಲ್ಲ: ಪಿಸ್ಟನ್ನಿನ ಬಟ್ಟಲು ವಾಷರು ಸವೆದಿದೆ, ಇಲ್ಲವೆ ಒಣಗಿ ಮುದುಡಿದೆ. ಚರ್ಮದ ವಾಷರಾದರೆ ಎಣ್ಣೆಯಲ್ಲಿ ನೆನೆಸಿದಾಗ ಮತ್ತೆ ಅರಳಬಹುದು. ರಬ್ಬರು ಅಥವಾ ಪ್ಲಾಸ್ಟಿಕ್ಕಿನದಾದರೆ ಬದಲಿಸಬೇಕು.

2. ಒತ್ತಡ ಏರುತ್ತದೆ, ಕೈ ಬಿಟ್ಟೊಡನೆ ಇಳಿಯುತ್ತದೆ: ಕವಾಟದ ಗುಂಡಿನ ಕೆಳಗೆ ಕಸ ಸಿಕ್ಕಿದೆ ಅಥವಾ ಗುಂಡು ಕೂರುವ ಜಾಗ ಸವೆದಿದೆ. ಬಿಚ್ಚಿ ತೊಳೆದರೆ ಬಹುಪಾಲು ಸರಿಹೋಗುತ್ತದೆ.

3. ಹಿಡಿಕೆ ಬಿಗಿಯಾಗಿದೆ, ಮೂತಿಯಿಂದ ಹನಿಯಿಲ್ಲ: ಮೂತಿ ಅಥವಾ ಕೋಲಿನ ಹಿಡಿಯಲ್ಲಿರುವ ಜಾಲರಿ ಕಟ್ಟಿದೆ. ಬಿಚ್ಚುವ ಮೊದಲು ಒತ್ತಡವನ್ನು ಹೊರಬಿಡಲು ಮರೆಯಬೇಡಿ. ಇಲ್ಲವಾದರೆ ದ್ರಾವಣ ಮುಖಕ್ಕೆ ಚಿಮ್ಮುತ್ತದೆ.

4. ಗುಂಡಿ ಬಿಟ್ಟರೂ ಮೂತಿಯಿಂದ ತೊಟ್ಟಿಕ್ಕುತ್ತದೆ: ಹಿಡಿಯೊಳಗಿನ ಸಣ್ಣ ಉಂಗುರ ವಾಷರು ಹೋಗಿದೆ.

ಬ್ಯಾಟರಿ ಪಂಪಿನಲ್ಲಿ ಬರುವ ದೋಷಗಳು

ಈಗ ಹಳ್ಳಿಗಳಲ್ಲಿ ಬ್ಯಾಟರಿ ಪಂಪುಗಳೂ ಸಾಕಷ್ಟಿವೆ. ಇದರಲ್ಲಿ 12 ವೋಲ್ಟಿನ ಬ್ಯಾಟರಿ, ಒಂದು ಸಣ್ಣ ಮೋಟಾರು, ಅದಕ್ಕೆ ಸೇರಿದ ರಬ್ಬರು ಪೊರೆಯ ಪಂಪು, ಒತ್ತಡ ಹೆಚ್ಚಾದಾಗ ಮೋಟಾರನ್ನು ನಿಲ್ಲಿಸುವ ಒಂದು ಸ್ವಿಚ್ಚು ಇರುತ್ತವೆ.

ಗುಂಡಿ ಒತ್ತಿದಾಗ ಮೋಟಾರು ಮಿಸುಕದಿದ್ದರೆ ಕೂಡಲೇ ಮೋಟಾರು ಸುಟ್ಟಿತೆಂದು ತೀರ್ಮಾನಿಸಬೇಡಿ. ಮೊದಲು ಫ್ಯೂಸು ಇದ್ದರೆ ಅದನ್ನು, ಬಳಿಕ ಬ್ಯಾಟರಿಯ ತುದಿಗಳನ್ನು, ಆಮೇಲೆ ಸ್ವಿಚ್ಚನ್ನು ನೋಡಿರಿ. ತುದಿಗಳಲ್ಲಿ ಬಿಳಿ ಅಥವಾ ಹಸಿರು ಕಿಲುಬು ಕಟ್ಟಿದ್ದರೆ ಉಜ್ಜಿ ತೆಗೆದು ಬಿಗಿ ಮಾಡಿದರೆ ಎಷ್ಟೋ ಪಂಪುಗಳು ಓಡುತ್ತವೆ. ನಮ್ಮ ಕಡೆ ಕೊಳವೆಬಾವಿಗಳ ದೆಸೆಯಿಂದ ಮೋಟಾರು ರಿವೈಂಡಿಂಗ್ ಅಂಗಡಿಗಳಿಗೆ ಕೊರತೆಯಿಲ್ಲ. ಅಲ್ಲಿ ಮೀಟರು ಹಿಡಿದು ಬ್ಯಾಟರಿಯನ್ನು ಪರೀಕ್ಷಿಸಿಕೊಳ್ಳಬಹುದು. ಸೀಸ–ಆಮ್ಲದ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಮೂರು ನಾಲ್ಕು ತಾಸು ಬಿಟ್ಟು ಅಳೆದಾಗ 12.6 ವೋಲ್ಟಿಗೆ ಕಡಿಮೆಯಿರಬಾರದು. ಅಳತೆ ಸರಿಯಿದ್ದರೂ ಪಂಪು ಒಂದೆರಡು ಟ್ಯಾಂಕಿಗೇ ಸುಸ್ತಾದರೆ ಬ್ಯಾಟರಿಯ ಆಯುಷ್ಯ ಮುಗಿದಿದೆ.

ಮೋಟಾರು ಓಡುತ್ತದೆ, ದ್ರಾವಣ ಬರುವುದಿಲ್ಲ ಎಂದರೆ ಎಳೆಯುವ ಕೊಳವೆಯಲ್ಲಿ ಗಾಳಿ ನುಗ್ಗುತ್ತಿದೆ ಅಥವಾ ಟ್ಯಾಂಕಿನ ತಳದ ಜಾಲರಿ ಕಟ್ಟಿದೆ. ಗುಂಡಿ ಒತ್ತಿ ಹೊಡೆಯುತ್ತಿರುವಾಗಲೇ ಮೋಟಾರು ತಡೆತಡೆದು ಓಡಿದರೆ, ಮೂತಿ ಅರ್ಧ ಕಟ್ಟಿ ಒತ್ತಡ ಏರುತ್ತಿದೆ ಎಂದು ತಿಳಿಯಿರಿ. ಹೊಡೆಯುವುದನ್ನು ನಿಲ್ಲಿಸಿದ ಮೇಲೂ ಆಗಾಗ ಗುರ್ ಎನ್ನುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಮೋಟಾರೇ ಸುಟ್ಟಿದ್ದರೆ ಇಷ್ಟು ಸಣ್ಣ ಮೋಟಾರನ್ನು ರಿವೈಂಡ್ ಮಾಡಿಸುವುದಕ್ಕಿಂತ ಪಂಪು ಸಹಿತ ಇಡೀ ಜೋಡಣೆಯನ್ನು ಬದಲಿಸುವುದು ಮೇಲು.

ಬಿಡಿಭಾಗಗಳನ್ನು ಹುಡುಕುವ ಬಗೆ

ಬಿಡಿಭಾಗದ ಅಂಗಡಿಗೆ ಬರಿಗೈಯಲ್ಲಿ ಹೋಗಬಾರದು. "16 ಲೀಟರ್ ಪಂಪಿನ ವಾಷರ್ ಕೊಡಿ" ಎಂದರೆ ಅಂಗಡಿಯವನು ಕೈಗೆ ಸಿಕ್ಕದ್ದನ್ನು ಕೊಡುತ್ತಾನೆ. ಟ್ಯಾಂಕಿನ ಅಳತೆ ಒಂದೇ ಆದರೂ ಒಳಗಿನ ಭಾಗಗಳು ತಯಾರಕರಿಂದ ತಯಾರಕರಿಗೆ ಬೇರೆ. ಆದ್ದರಿಂದ:

— ಹಳೆಯ ಭಾಗವನ್ನು ತೊಳೆದು, ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಒಡೆದಿದ್ದರೂ ತುಂಡುಗಳನ್ನು ಬಿಸಾಡಬೇಡಿ.

— ಪಂಪಿನ ಮೇಲಿನ ಚೀಟಿಯಲ್ಲಿರುವ ತಯಾರಕರ ಹೆಸರು, ಮಾದರಿಯ ಸಂಖ್ಯೆಯನ್ನು ಬರೆದುಕೊಳ್ಳಿ ಅಥವಾ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಔಷಧ ತಾಗಿ ಈ ಚೀಟಿ ಬೇಗ ಅಳಿಸುತ್ತದೆ. ಕೊಂಡ ದಿನವೇ ಈ ಕೆಲಸ ಮಾಡಬೇಕು.

— ವಾಷರಿಗೆ ಒಳ ಅಳತೆ, ಹೊರ ಅಳತೆ, ದಪ್ಪ, ಈ ಮೂರೂ ಕೂಡಬೇಕು. ಕೊಳವೆಗೆ ಒಳ ಅಳತೆ ಮುಖ್ಯ. ಮೂತಿ ಮತ್ತು ಕೋಲಿಗೆ ಮರೆಯ ಸುತ್ತು ಕೂಡಬೇಕು. ಅಂಗಡಿಯಲ್ಲೇ ಕೈಯಿಂದ ತಿರುಗಿಸಿ ನೋಡಿರಿ. ಒತ್ತಾಯದಿಂದ ಕೂರಿಸಿದ ಮರೆ ಹೊಲದಲ್ಲಿ ಸೋರುತ್ತದೆ.

— ಬ್ಯಾಟರಿ ಪಂಪಿನ ಮೋಟಾರು ಜೋಡಣೆ ತರುವಾಗ ಅದರ ಮೇಲೆ ಅಚ್ಚಾದ ವೋಲ್ಟು, ಆಂಪಿಯರ್, ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ಒತ್ತಡ ಎಂಬುದನ್ನೂ, ಸ್ಕ್ರೂ ತೂತುಗಳ ಅಂತರವನ್ನೂ ಹೋಲಿಸಿರಿ.

— ಬ್ಯಾಟರಿಗೆ ವೋಲ್ಟು, ಆಂಪಿಯರ್–ತಾಸು, ಉದ್ದಗಲ, ಧನ ಋಣ ತುದಿಗಳ ಸ್ಥಾನ ಇವನ್ನು ನೋಡಿರಿ. ತುದಿಗಳನ್ನು ಅದಲುಬದಲು ಜೋಡಿಸಿದರೆ ಒಳಗಿನ ಭಾಗಗಳು ಸುಡಬಹುದು. ಸೀಸ–ಆಮ್ಲದ ಬ್ಯಾಟರಿಯ ಚಾರ್ಜರನ್ನು ಲಿಥಿಯಂ ಬ್ಯಾಟರಿಗೆ ಹಾಕಬೇಡಿ, ಬೆಂಕಿಯ ಅಪಾಯವಿದೆ. ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಮಾರಾಟಗಾರರಿಗೆ ಮರಳಿಸಿರಿ.

ತಾಲ್ಲೂಕಿನ ಊರುಗಳಲ್ಲಿ ಸಿಗದ ಭಾಗಗಳಿಗೆ ಹೊಸಪೇಟೆ ಅಥವಾ ದಾವಣಗೆರೆಗೆ ಹೋಗಬೇಕಾಗಬಹುದು. ಒಂದು ವಾಷರಿಗಾಗಿ ಒಬ್ಬೊಬ್ಬರೂ ಅಷ್ಟು ದೂರ ಹೋಗುವುದು ಖರ್ಚಿನ ಮಾತು. ಒಂದೇ ಬಗೆಯ ಪಂಪು ಇರುವ ಐದಾರು ರೈತರು ಅಥವಾ ಊರಿನ ಸ್ವಸಹಾಯ ಸಂಘದವರು ಕೂಡಿ ಒಂದು ಡಬ್ಬಿ ಮಾಡಿಕೊಳ್ಳಿರಿ. ಅದರಲ್ಲಿ ನಾಲ್ಕು ಮೂತಿ, ಎರಡು ಬಟ್ಟಲು ವಾಷರು, ಹತ್ತು ಸಣ್ಣ ಉಂಗುರ ವಾಷರು, ಎರಡು ಜಾಲರಿ, ಕವಾಟದ ಎರಡು ಗುಂಡು, ಕೊಳವೆಯ ಹಿಡಿಕ್ಲಿಪ್ಪುಗಳು ಮತ್ತು ಒಂದು ಫ್ಯೂಸು ಇರಲಿ. ಹೊಸ ಪಂಪು ಕೊಳ್ಳುವಾಗಲೂ ಬೆಲೆಗಿಂತ ಮೊದಲು "ಇದರ ಬಿಡಿಭಾಗ ಇಲ್ಲೇ ಸಿಗುತ್ತದೆಯೇ?" ಎಂದು ಕೇಳಬೇಕು. ಬಿಡಿಭಾಗ ಸಿಗದ ಅಗ್ಗದ ಪಂಪು ಮುಂದೆ ದುಬಾರಿಯಾಗುತ್ತದೆ. ರೈತ ಸಂಪರ್ಕ ಕೇಂದ್ರದ ಮೂಲಕ ಸಹಾಯಧನದಲ್ಲಿ ಪಡೆದ ಪಂಪಾದರೆ ರಸೀದಿಯನ್ನೂ ಖಾತರಿ ಪತ್ರವನ್ನೂ ಜೋಪಾನ ಮಾಡಿರಿ.

ಸೈಕಲ್ ಟ್ಯೂಬನ್ನು ಕತ್ತರಿಸಿ ವಾಷರು ಮಾಡುವುದು, ಒಡೆದ ಕೊಳವೆಗೆ ಬಟ್ಟೆ ಸುತ್ತುವುದು ನಮ್ಮಲ್ಲಿ ಸಾಮಾನ್ಯ. ಔಷಧದಲ್ಲಿರುವ ದ್ರಾವಕಗಳಿಗೆ ಸೈಕಲ್ ಟ್ಯೂಬಿನ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಸುತ್ತಿದ ಬಟ್ಟೆ ಔಷಧವನ್ನು ಹೀರಿ ದಿನವಿಡೀ ಮೈಗೆ ಹಚ್ಚುತ್ತಿರುತ್ತದೆ.

ಸೋರುವ ಪಂಪು ಹೊತ್ತವನ ಮೈಗೆ ಅಪಾಯ

ಇದು ನಾನು ಒತ್ತಿ ಹೇಳಬೇಕಾದ ಮಾತು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಔಷಧ ಸಿಂಪರಣೆ ವೇಳೆ ವಿಷ ತಗುಲಿ ಸುಮಾರು ಇಪ್ಪತ್ತು ಮಂದಿ ರೈತರು ಮತ್ತು ಕೂಲಿಕಾರರು ಮೃತಪಟ್ಟರು. ನೂರಾರು ಜನ ಆಸ್ಪತ್ರೆ ಸೇರಿದರು. ಔಷಧವನ್ನು ಕುಡಿದರೆ ಮಾತ್ರ ವಿಷ ಎಂದು ತಿಳಿಯಬಾರದು. ಅದು ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಮುಚ್ಚಳದ ವಾಷರು ಇಲ್ಲದ ಟ್ಯಾಂಕು ಬಗ್ಗಿದಾಗಲೆಲ್ಲ ಬೆನ್ನಿನ ಮೇಲೆ ಚೆಲ್ಲುತ್ತದೆ. ಬೆವರಿನಿಂದ ತೊಯ್ದ ಬೆನ್ನು ವಿಷವನ್ನು ಇನ್ನೂ ಬೇಗ ಹೀರುತ್ತದೆ.

ಪಂಪು ಹೊರುವವನು ಎಷ್ಟೋ ಸಲ ಹೊಲದ ಯಜಮಾನನಲ್ಲ, ಕೂಲಿಗೆ ಬಂದವನು. ಅವನು ಪಂಪು ಸೋರುತ್ತದೆ ಎಂದು ಹೇಳಲು ಹಿಂಜರಿಯಬಹುದು. ಆದ್ದರಿಂದ ನೋಡುವ ಹೊಣೆ ಯಜಮಾನನದು. ಔಷಧ ಹಾಕುವ ಮುನ್ನ ಬರೀ ನೀರು ತುಂಬಿ, ಪಂಪನ್ನು ಹೊತ್ತು, ಬಗ್ಗಿ, ಎದ್ದು ಪರೀಕ್ಷಿಸಬೇಕು. ಬೆನ್ನು ಒದ್ದೆಯಾದರೆ ಆ ಪಂಪು ಅಂದು ಹೊಲಕ್ಕೆ ಹೋಗಕೂಡದು. ಹೊಡೆಯುವವನಿಗೆ ತಲೆಸುತ್ತು, ವಾಂತಿ, ಕಣ್ಣು ಮಂಜು, ವಿಪರೀತ ಬೆವರು ಕಂಡುಬಂದರೆ ಕೂಡಲೇ ಕೆಲಸ ನಿಲ್ಲಿಸಿ, ಬಟ್ಟೆ ಕಳಚಿ, ಸಾಬೂನು ನೀರಿನಿಂದ ಮೈ ತೊಳೆದು, ಔಷಧದ ಡಬ್ಬಿಯ ಸಮೇತ ಆಸ್ಪತ್ರೆಗೆ ಸೇರಿಸಿರಿ. 108ಕ್ಕೆ ಕರೆ ಮಾಡಲು ತಡಮಾಡಬೇಡಿ.

ಕಳೆನಾಶಕಕ್ಕೆ ಬೇರೆ ಪಂಪು

ಕೀಟನಾಶಕಕ್ಕೆ ಶಂಕುವಿನಂತೆ ಸುತ್ತಿ ಹರಡುವ ಮೂತಿ ಬೇಕು. ಕಳೆನಾಶಕಕ್ಕೆ ಬೀಸಣಿಗೆಯಂತೆ ಚಪ್ಪಟೆ ಹರಡುವ ಮೂತಿ ಬೇಕು. ಸಾಧ್ಯವಾದರೆ ಪಂಪನ್ನೇ ಬೇರೆ ಇಟ್ಟು ಅದಕ್ಕೆ ಕೆಂಪು ಬಣ್ಣದ ಗುರುತು ಹಾಕಿರಿ. ಮೆಕ್ಕೆಜೋಳದ ಕಳೆಗೆ 2,4–ಡಿ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಸೂರ್ಯಕಾಂತಿಗೋ ಹತ್ತಿಗೋ ಟೊಮ್ಯಾಟೊಗೋ ಬಳಸಿದರೆ, ಕೊಳವೆಯಲ್ಲಿ ಉಳಿದ ಅಂಶವೇ ಎಲೆಗಳನ್ನು ತಿರುಚಿ ಬೆಳೆಯನ್ನು ಕೆಡಿಸುತ್ತದೆ. ಹಡಗಲಿಯ ಮಲ್ಲಿಗೆ ಬೆಳೆಗಾರರೂ, ಶೇಂಗಾ ಬೆಳೆಯುವವರೂ ಇದನ್ನು ಮುಖ್ಯವಾಗಿ ಗಮನಿಸಬೇಕು. ಒಂದೇ ಪಂಪು ಬಳಸುವುದು ಅನಿವಾರ್ಯವಾದರೆ ಮೂರು ಸಲ ನೀರಿನಿಂದ ತೊಳೆದು, ವಾಷಿಂಗ್ ಸೋಡಾದ ನೀರು ತುಂಬಿ ಮೂತಿಯ ತನಕ ಹರಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ಶುದ್ಧ ನೀರಿನಿಂದ ತೊಳೆಯಬೇಕು. ತೊಳೆದ ನೀರು ಬಾವಿಗೆ, ಹಳ್ಳಕ್ಕೆ, ದನ ಕುಡಿಯುವ ತೊಟ್ಟಿಗೆ ಸೇರಬಾರದು.

ವರ್ಷದ ಕೆಲಸ

ಬಸವ ಜಯಂತಿಯ ಹೊತ್ತಿಗೆ ಪಂಪನ್ನು ಹೊರತೆಗೆದು, ನೀರು ತುಂಬಿ, ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಿರಿ. ಬೇಕಾದ ಭಾಗಗಳ ಪಟ್ಟಿ ಮಾಡಿದರೆ ಹುಡುಕಲು ತಿಂಗಳ ಬಿಡುವು ಸಿಗುತ್ತದೆ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆಯುವಾಗ ಪಂಪು ಹೊಲಕ್ಕೆ ಸಿದ್ಧವಾಗಿರಬೇಕು. ಹಂಗಾಮಿನಲ್ಲಿ ಪ್ರತಿ ಸಂಜೆ ತೊಳೆದು, ನೀರು ಬಸಿದು, ನೆರಳಿನಲ್ಲಿ ತೂಗುಹಾಕಿರಿ. ಹಂಗಾಮು ಮುಗಿದ ಮೇಲೆ ಬ್ಯಾಟರಿಯನ್ನು ಖಾಲಿ ಬಿಡದೆ ತಿಂಗಳಿಗೊಮ್ಮೆ ಚಾರ್ಜ್ ಮಾಡಿರಿ. ಮಹಾನವಮಿಯ ಆಯುಧ ಪೂಜೆಗೆ ಕುಂಕುಮ ಹಚ್ಚಿ ಮೂಲೆಗಿಟ್ಟ ಪಂಪು ಮುಂದಿನ ಮುಂಗಾರಿಗೆ ಎದ್ದು ಓಡಬೇಕಾದರೆ ಪೂಜೆಯ ಜೊತೆಗೆ ಈ ಆರೈಕೆಯೂ ಬೇಕು. ಆಹಾರ ಪದಾರ್ಥಗಳಿಂದ ಮತ್ತು ಮಕ್ಕಳ ಕೈಯಿಂದ ಪಂಪು ಸದಾ ದೂರವಿರಲಿ.

ಬಾಂಧವರೇ, ಬೀಜ, ಗೊಬ್ಬರ, ಔಷಧ ಇವುಗಳ ಬೆಲೆಯನ್ನು ಇಳಿಸುವುದು ನಿಮ್ಮ ಕೈಯಲ್ಲಿಲ್ಲ. ಕೊಂಡ ಔಷಧ ಪೋಲಾಗದೆ ಬೆಳೆಗೆ ಸೇರುವಂತೆ ಮಾಡುವುದು, ಹೊತ್ತವನ ಬೆನ್ನಿಗೆ ಇಳಿಯದಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದದ್ದು ಒಂದು ಜಗ್ಗು, ಒಂದು ಗಡಿಯಾರ ಮತ್ತು ಹೊತ್ತಿಗೆ ಮುಂಚೆ ತಂದಿಟ್ಟ ನಾಲ್ಕು ವಾಷರು. ಈ ಮುಂಗಾರಿಗೆ ಔಷಧದ ಅಂಗಡಿಗೆ ಹೋಗುವ ಮುನ್ನ ಒಮ್ಮೆ ನಿಮ್ಮ ಪಂಪಿನ ಮೂತಿಯನ್ನು ಅಳೆದು ನೋಡಿರಿ.